ಕಡಿಮೆ ಖರ್ಚಿನಲ್ಲಿ, ಪರಿಸರಕ್ಕೂ ತೊಂದರೆ ಇಲ್ಲದ ಹಾಗೆ ಮನೆ ತಾರಸಿ ತಂಪಾಗಿಡುವುದು ಹೇಗೆ?

ನಿಮ್ಮ ಮನೆ ರಾಯಚೂರಿನಲ್ಲಿ, 30x40 ಸೈಟು, 12 ವರ್ಷ ಹಳೆಯ ಆರ್‌ಸಿಸಿ ತಾರಸಿ. ಬೇಸಿಗೆಯಲ್ಲಿ ಮೇಲಿನ ರೂಮಿನಲ್ಲಿ ಮಲಗಲು ಆಗುತ್ತಿಲ್ಲ, ಎಸಿ ಬೇಡ, 25,000 ರೂಪಾಯಿಯಲ್ಲಿ ಏನಾದರೂ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತದೆ. ಅರ್ಧ ದುಡ್ಡು ಉಳಿದರೂ ಉಳಿಯಬಹುದು. ನಾನೂ ಇದೇ ಊರಿನವನು, ಇಲ್ಲಿನ ಬಿಸಿಲಿನ ಬಗ್ಗೆ ನಮ್ಮಿಬ್ಬರಿಗೂ ಯಾರೂ ಹೇಳಿಕೊಡಬೇಕಿಲ್ಲ ಅಲ್ವಾ.

ಮೊದಲು ತಾರಸಿಯನ್ನು ಬಿಳಿ ಮಾಡಿ. ಉಳಿದದ್ದೆಲ್ಲ ಆಮೇಲೆ. ಕಪ್ಪಿಟ್ಟ ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು, ರಾತ್ರಿ ಅದೇ ಶಾಖವನ್ನು ಕೆಳಗೆ ಬಿಡುತ್ತದೆ. ಹೊರಗೆ ಗಾಳಿ ತಣ್ಣಗಾದ ಮೇಲೂ ರೂಮು ಕುದಿಯುವುದು ಅದಕ್ಕೇ. ರಾತ್ರಿ ಹತ್ತು ಗಂಟೆಗೆ ಕುರ್ಚಿ ಹತ್ತಿ ಸೀಲಿಂಗಿಗೆ ಅಂಗೈ ಇಟ್ಟು ನೋಡಿ, ಗೊತ್ತಾಗುತ್ತದೆ. ಫಾಲ್ಸ್ ಸೀಲಿಂಗ್ ಹಾಕಿಸಿ ಅಂತ ಯಾರಾದರೂ ಹೇಳಿದರೆ ಸದ್ಯಕ್ಕೆ ಬೇಡ ಅನ್ನಿ. ಅದರಿಂದ ಸ್ವಲ್ಪ ಶಾಖ ತಡೆಯಬಹುದು, ಆದರೆ ಮೇಲೆ ಸ್ಲ್ಯಾಬ್ ಕಾಯುವುದಂತೂ ನಿಲ್ಲುವುದಿಲ್ಲ. ದುಡ್ಡೂ ಜಾಸ್ತಿ.

ಎಲ್ಲಕ್ಕಿಂತ ಅಗ್ಗ ಸುಣ್ಣ. ಸುಟ್ಟ ಸುಣ್ಣದ ಕಲ್ಲು ತಂದರೆ ಅರಳಿಸುವಾಗ ಹುಷಾರು. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪವೇ ಸುಣ್ಣ. ಸುಣ್ಣದ ಮೇಲೆ ನೀರು ಸುರಿಯಲೇಬೇಡಿ, ಮುಖಕ್ಕೆ ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ಟಾದರೆ ಆ ಬಿಸಿಗೆ ಮೆತ್ತಗಾಗಿ ಹೋಗುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳು ಹತ್ತಿರ ಸುಳಿಯದಿರಲಿ. ರಾತ್ರಿಯಿಡೀ ಬಿಟ್ಟು, ಹಳೆಯ ಪಂಚೆಯಲ್ಲಿ ಸೋಸಿ, ಹಾಲಿನ ಹದಕ್ಕೆ ತನ್ನಿ. ಅಂಟಿಗೆ ಹಳಬರು ಗಂಜಿ ಬೆರೆಸುತ್ತಿದ್ದರು. ಈಗ ಸ್ವಲ್ಪ ಬಿಳಿ ಸಿಮೆಂಟು, ಫೆವಿಕಾಲ್ ಹಾಕುತ್ತಾರೆ.

ಹಚ್ಚುವುದು ಸಂಜೆ. ತಾರಸಿ ಗುಡಿಸಿ, ತೊಳೆದು, ಒದ್ದೆ ಇರುವಾಗಲೇ ತೆಳ್ಳಗೆ ಒಂದು ಕೋಟ್, ಮರುದಿನ ಇನ್ನೊಂದು. ಮಧ್ಯಾಹ್ನದ ಬಿಸಿಲಿನಲ್ಲಿ ಕಾದ ಸ್ಲ್ಯಾಬಿಗೆ ಹಚ್ಚಿದರೆ ತಕ್ಷಣ ಒಣಗಿ, ಕಾಲಿಗೆ ಪುಡಿ ಹತ್ತಿಕೊಂಡು ಕೆಳಗೆ ಬರುತ್ತದೆ. ನಿಮ್ಮ ಅಳತೆಗೆ ಕೂಲಿಯೂ ಸೇರಿ ಮೂರ್ನಾಲ್ಕು ಸಾವಿರದಲ್ಲಿ ಮುಗಿಯಬೇಕು. ಒಂದೇ ತಕರಾರು ಅಂದರೆ ಮಳೆಗಾಲಕ್ಕೆ ತೊಳೆದು ಹೋಗುತ್ತದೆ. ಪ್ರತಿ ವರ್ಷ ಶಿವರಾತ್ರಿ ಹೊತ್ತಿಗೆ ಮತ್ತೆ ಹಚ್ಚಬೇಕು.

ವರ್ಷ ವರ್ಷ ಈ ಕೆಲಸ ಬೇಡ ಅಂದರೆ ಬಿಸಿಲು ಹಿಂದಕ್ಕೆ ಎಸೆಯುವ ಬಿಳಿ ಪೇಂಟ್ ಸಿಗುತ್ತದೆ. ಡಬ್ಬಿಯ ಮೇಲೆ ಎಸ್‌ಆರ್‌ಐ ಅಂತ ಒಂದು ಸಂಖ್ಯೆ ಇರುತ್ತದೆ, ಬಿಸಿಲು ಹಿಂದಕ್ಕೆ ಎಸೆದು ತಂಪಾಗಿರುವ ಶಕ್ತಿಯ ಅಳತೆ ಅದು. 100ರ ಆಸುಪಾಸು ಇದ್ದರೆ ತಗೊಳ್ಳಿ. ಆ ಸಂಖ್ಯೆಯೇ ಇಲ್ಲದಿದ್ದರೆ ಅಂಗಡಿಯವರು ಏನು ಹೇಳಿದರೂ ಅದು ಸುಮ್ನೆ ಬಿಳಿ ಬಣ್ಣ ಅಂತಲೇ ತಿಳಿಯಿರಿ. ಎರಡು ಕೋಟ್ ಹಚ್ಚಲು ಚದರಡಿಗೆ ಸುಮಾರು 20 ರೂಪಾಯಿ ಇಟ್ಟುಕೊಳ್ಳಿ. ನಿಮ್ಮ ಸೈಟಿನಲ್ಲಿ ತಾರಸಿ ಸಾವಿರ ಚದರಡಿ ಅಂತ ಹಿಡಿದರೆ ನಿಮ್ಮ ದುಡ್ಡಿನ ಬಹುಪಾಲು ಅಲ್ಲೇ ಹೋಯಿತು. ಅದಕ್ಕೇ ಮೊದಲ ವರ್ಷ ಸುಣ್ಣ ಹಚ್ಚಿ ನೋಡಿ ಅನ್ನುತ್ತೇನೆ. ಎರಡರಲ್ಲೂ ರೂಮಿನ ಬಿಸಿ ಸಾಮಾನ್ಯವಾಗಿ 2ರಿಂದ 5 ಡಿಗ್ರಿ ಇಳಿಯುತ್ತದೆ. ನಮ್ಮೂರಿನ ದೂಳು ಕೂತರೆ ಆ ಲಾಭವೂ ಇಳಿಯುತ್ತದೆ, ಆಗಾಗ ಗುಡಿಸುತ್ತಿರಬೇಕು. ಕೃಷ್ಣಾ ದಾಟಿದರೆ ಸಿಗುವ ತೆಲಂಗಾಣದವರು 2023ರಲ್ಲೇ ತಂಪು ಛಾವಣಿಗೆ ಅಂತ ಒಂದು ನೀತಿ ಮಾಡಿಕೊಂಡಿದ್ದಾರೆ. ಬಿಸಿಲು ಮಾತ್ರ ಹೊಳೆಯ ಎರಡೂ ಕಡೆ ಒಂದೇ.

ಇನ್ನೊಂದು ದಾರಿ, ಒಡೆದ ಬಿಳಿ ಟೈಲ್ಸ್. ಟೈಲ್ಸ್ ಅಂಗಡಿಗಳಲ್ಲಿ ಒಡೆದ ಚೂರು ಚೀಲಗಟ್ಟಲೆ ಬಿದ್ದಿರುತ್ತದೆ, ಕೇಳಿದರೆ ಅಗ್ಗಕ್ಕೆ ಕೊಡುತ್ತಾರೆ. ಗಾರೆಯ ಮೇಲೆ ಅದನ್ನು ಕೂರಿಸುತ್ತಾರೆ. ಚೆನ್ನಾಗಿ ಬಾಳಿಕೆ ಬರುತ್ತದೆ, ಆದರೆ ಕೂಲಿ ಜಾಸ್ತಿ.

ಏನೇ ಹಚ್ಚುವ ಮುಂಚೆ ನೀರು ಹೋಗುವ ಕಿಂಡಿಗಳನ್ನು ಮುಚ್ಚಿ, ಒಂದು ದಿನ ನೀರು ಕಟ್ಟಿ ನಿಲ್ಲಿಸಿ. ಕೆಳಗೆ ಎಲ್ಲಿ ತೇವ ಕಾಣುತ್ತದೋ ಅಲ್ಲಿ ಬಿರುಕು ಮುಚ್ಚಿಸಿ. ಸೀಲಿಂಗಿನ ಪ್ಲಾಸ್ಟರ್ ಉದುರಿ ಕಬ್ಬಿಣ ಕಾಣುತ್ತಿದ್ದರೆ ನೀರು ಕಟ್ಟುವ ಪರೀಕ್ಷೆಯೂ ಬೇಡ, ಬಣ್ಣವೂ ಬೇಡ. ಮೊದಲು ಒಬ್ಬ ಎಂಜಿನಿಯರಿಗೆ ತೋರಿಸಿ.

ತಾರಸಿ ತೋಟದ ಬಗ್ಗೆಯೂ ಕೇಳಿದ್ದೀರಿ. ಮಾಡಿ, ಆದರೆ ತಾರಸಿ ತುಂಬ ಮಣ್ಣು ಹರಡಬೇಡಿ. ಓಡಾಡುವ ತಾರಸಿಗೆ ಎಂಜಿನಿಯರುಗಳು ಸಾಮಾನ್ಯವಾಗಿ ಲೆಕ್ಕ ಹಿಡಿಯುವ ಹೆಚ್ಚುವರಿ ಭಾರ ಚದರ ಮೀಟರಿಗೆ ಸುಮಾರು 150 ಕೆ.ಜಿ. ಅರ್ಧ ಅಡಿ ಒದ್ದೆ ಮಣ್ಣೇ 250 ಕೆ.ಜಿ. ದಾಟುತ್ತದೆ. ಕೆಳಗೆ ಗೋಡೆ ಇರುವ ಕಡೆ, ಅಂಚಿಗೆ, ನಾಲ್ಕಾರು ಚೀಲದಲ್ಲಿ ಹೀರೆ, ಬಸಳೆ ಹಾಕಿ ಚಪ್ಪರಕ್ಕೆ ಹಬ್ಬಿಸಿ. ಮಲಗುವ ರೂಮಿನ ಮೇಲಷ್ಟೇ ಚಪ್ಪರ ಇದ್ದರೂ ಸಾಕು. ಬಳ್ಳಿ ಹಬ್ಬುವವರೆಗೆ ಹಸಿರು ಶೇಡ್ ನೆಟ್ ಕಟ್ಟಿ, ತಾರಸಿಗೆ ತಾಗದಂತೆ, ಕೆಳಗೆ ಗಾಳಿ ಆಡುವಷ್ಟು ಎತ್ತರದಲ್ಲಿ.

ಮಳೆನೀರು ಬಿಡಬೇಡಿ. ನಮ್ಮಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 600 ಮಿ.ಮೀ. ಮಳೆ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಬಿದ್ದರೆ ಒಂದು ಲೀಟರ್. ನಿಮ್ಮ ಸಾವಿರ ಚದರಡಿ ಅಂದರೆ ಸುಮಾರು 93 ಚದರ ಮೀಟರ್. ಆವಿಯಾಗಿದ್ದು, ಚೆಲ್ಲಿದ್ದು ಕಳೆದರೂ ವರ್ಷಕ್ಕೆ 44,000 ಲೀಟರ್ ನೀರನ್ನು ನೆಲದಡಿಯ ಸಂಪಿನೊಳಗೆ ಇಳಿಸಬಹುದು. ಇದು ಆಗದ ಮಾತಲ್ಲ. ಬೆಂಗಳೂರಿನ ಎ. ಆರ್. ಶಿವಕುಮಾರ್ ಅವರು 1995ರಲ್ಲಿ ಮನೆ ಕಟ್ಟಿ, ಜಲಮಂಡಳಿಯ ನಲ್ಲಿ ಇಲ್ಲದೆ ಮಳೆನೀರಿನಲ್ಲೇ ಸಂಸಾರ ನಡೆಸಿ ತೋರಿಸಿದವರು. ಪೈಪು, ಫಿಲ್ಟರು, ಪ್ಲಂಬರ್ ಸೇರಿ ಎಂಟು-ಹತ್ತು ಸಾವಿರ ತೆಗೆದಿಡಿ. ಸುಣ್ಣ ಹಚ್ಚಿದ ವರ್ಷ ಮೊದಲ ಎರಡು ಮೂರು ಮಳೆಯ ನೀರನ್ನು ಹೊರಗೆ ಬಿಟ್ಟುಬಿಡಿ. ಪೇಂಟ್ ಹಚ್ಚಿದ್ದರೆ ಆ ನೀರು ಬಟ್ಟೆಗೆ, ಗಿಡಕ್ಕೆ ಇರಲಿ, ಕುಡಿಯಲು ಬೇಡ.

ಸೋಲಾರ್? ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿ ನೋಡಿಕೊಂಡು ಬೆಳೆದವನಾಗಿ ಬೇಡ ಅನ್ನಲು ಮನಸ್ಸಿಲ್ಲ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 2 ಕಿಲೋವ್ಯಾಟಿಗೆ 60,000, 3 ಅಥವಾ ಅದಕ್ಕೂ ಮೇಲೆ 78,000 ರೂಪಾಯಿ ಸಬ್ಸಿಡಿ ಇದೆ. ಒಂದು ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 4 ಯೂನಿಟ್ ಬರುತ್ತದೆ, ಪ್ಯಾನೆಲ್ಲಿನ ನೆರಳು ತಾರಸಿಗೆ ಉಚಿತ. ಆದರೆ ಸಬ್ಸಿಡಿ ಕಳೆದರೂ ಅದು ನಿಮ್ಮ 25,000ಕ್ಕೆ ನಿಲುಕುವುದಿಲ್ಲ. ಗೃಹಜ್ಯೋತಿಯಲ್ಲಿ ನಿಮಗೆ ಈಗ ಸೊನ್ನೆ ಬಿಲ್ ಬರುತ್ತಿದ್ದರೆ ಹಾಕಿದ ದುಡ್ಡು ವಾಪಸ್ ಬರುವ ಲೆಕ್ಕವೂ ಕೂಡುವುದಿಲ್ಲ. ಬಿಲ್ ಪ್ರತಿ ತಿಂಗಳು 200 ಯೂನಿಟ್ ದಾಟುತ್ತಿದ್ದರೆ ಮಾತು ಬೇರೆ. ಎಷ್ಟು ಬರುತ್ತದೆ ಅಂತ ಕೆಳಗೆ ಬರೆಯಿರಿ, ಲೆಕ್ಕ ಹಾಕಿ ಹೇಳುತ್ತೇನೆ.