ಆಪ್ತಸಲಹೆ ಪ್ರಕರಣ: ಅಮ್ಮ ಬಿದ್ದ ಸುದ್ದಿ ಮೈತ್ರಿಗೆ ಮುಟ್ಟಿದ್ದು ಹೇಗೆ

(ಗುರುತು ಸಿಗದಂತೆ ವಿವರ ಬದಲಿಸಿದೆ.)

ಬಂದವರು ಉಡುಪಿ ಕಡೆಯ ಶಾಲಾ ಶಿಕ್ಷಕಿ, ವಯಸ್ಸು 34. ಗಂಡ ಡೀಸೆಲ್ ಮೆಕ್ಯಾನಿಕ್. ಅಂಟಾರ್ಕ್ಟಿಕಾದಲ್ಲಿರುವ ಭಾರತದ ಸಂಶೋಧನಾ ಕೇಂದ್ರ ಮೈತ್ರಿಯಲ್ಲಿ ಚಳಿಗಾಲದ ತಂಡದೊಂದಿಗೆ ಜನರೇಟರ್ ನೋಡಿಕೊಳ್ಳುತ್ತಾರೆ. ಜುಲೈಯಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು, ಆಪರೇಷನ್ ಆಯಿತು. "ಅಲ್ಲಿದ್ದುಕೊಂಡು ಅವರು ಎಂತ ಮಾಡಲಿಕ್ಕುಂಟು?" ಎಂದು ಮನೆಯವರು ಗಂಡನಿಗೆ ಹೇಳದೆ ಸುಮ್ಮನಿದ್ದರು. ಅಣ್ಣನ ಮಗಳ ವಾಟ್ಸಾಪ್ ಸ್ಟೇಟಸ್‌ನಲ್ಲಿ ಅಮ್ಮ ವಾಕರ್ ಹಿಡಿದು ನಿಂತದ್ದು ಅವರ ಕಣ್ಣಿಗೆ ಬಿತ್ತು. ಅಂದಿನಿಂದ ನಡುರಾತ್ರಿ ಫೋನ್: "ಇನ್ನೂ ಎಂತೆಲ್ಲ ಮುಚ್ಚಿಟ್ಟಿದ್ದೀರಿ?" ನಿದ್ದೆಯಿಲ್ಲ. ಊಟದ ಮೇಜಿನಲ್ಲಿ ಪಕ್ಕದವರ ಚಮಚದ ಸದ್ದಿಗೂ ಸಿಟ್ಟು.

ಆಕೆ ಆಗಸ್ಟ್‌ನಲ್ಲಿ ಬಂದಾಗ ಕೇಳಿದ್ದು, "ಅಲ್ಲಿ ಸೂರ್ಯ ಬಂದಾಯ್ತಲ್ಲ, ಈಗ ಸರಿಯಾಗಬೇಕಿತ್ತಲ್ಲ?" ಮೈತ್ರಿಯಲ್ಲಿ ಮೇ ಕೊನೆಯಿಂದ ಸುಮಾರು ಎರಡು ತಿಂಗಳು ಸೂರ್ಯ ಮೇಲೇರುವುದಿಲ್ಲ. ಆದರೆ ಕೆಲವರು ಸೋಲುವುದು ಬೆಳಕು ಮರಳಿದ ಮೇಲೆಯೇ: ಅರ್ಧ ದಾರಿ ಕಳೆದಿರುತ್ತದೆ, ಬಿಡುಗಡೆ ಇನ್ನೂ ದೂರ. ಜೂನ್ 21ರ ನಡುಚಳಿಗಾಲದ ಹಬ್ಬವೂ ಮುಗಿದಿರುತ್ತದೆ. ನಿದ್ದೆಗೇಡು, ಕಿರಿಕಿರಿ, ಮಾತಿನ ಮಧ್ಯೆ ಎಲ್ಲೋ ನೆಟ್ಟ ನೋಟ, ಇವು ಅಲ್ಲಿ ಚಳಿಗಾಲ ಕಳೆಯುವವರಲ್ಲಿ ಬಹಳ ಹಿಂದಿನಿಂದ ದಾಖಲಾದ ಲಕ್ಷಣಗಳು. ಇಷ್ಟಕ್ಕೇ ಹುಚ್ಚು ಹಿಡಿಯಿತೆಂದು ಹೆದರಬೇಕಾಗಿಲ್ಲ.

ಗಲ್ಫ್‌ನಲ್ಲಿರುವವರಿಗೆ, ಹಡಗಿನಲ್ಲಿರುವವರಿಗೆ ಕೆಟ್ಟ ಸುದ್ದಿ ಮುಚ್ಚಿಡುವುದು ನಮ್ಮ ಕರಾವಳಿಯ ಹಳೇ ರೂಢಿ. ಗಲ್ಫ್‌ನವರು ಅನುಮಾನ ಬಂದರೆ ಟಿಕೆಟ್ ಮಾಡಿಸಿ ಬಂದು ನೋಡಿಯಾರು. ಮೈತ್ರಿಯಿಂದ ಚಳಿಗಾಲದಲ್ಲಿ ಬರುವ ದಾರಿಯೇ ಇಲ್ಲ. ಬಂದು ನೋಡಲಾಗದ ಅನುಮಾನ ಒಳಗೇ ಬೆಳೆಯುತ್ತದೆ. ಹಾಗಾಗಿ ಮೊದಲ ಸಲಹೆ, ಇನ್ನು ಯಾವುದನ್ನೂ ಅಡಗಿಸಬೇಡಿ. ಸುದ್ದಿ ಹೇಳುವವರು ಒಬ್ಬರೇ ಇರಲಿ; ಈ ಮನೆಯಲ್ಲಿ ಮೈದುನ. ಏನಾಯಿತು, ಯಾವಾಗ, ಈಗ ಹೇಗಿದ್ದಾರೆ, ಹತ್ತಿರ ಯಾರಿದ್ದಾರೆ, ಡಾಕ್ಟರು ಮುಂದೇನು ಅಂದಿದ್ದಾರೆ, ಈ ಕ್ರಮದಲ್ಲಿ. ಅವರು ತೀರ್ಮಾನಿಸಬಹುದಾದ ಒಂದು ವಿಷಯ ಅವರಿಗೇ ಬಿಡಿ: ಹೋಂ ನರ್ಸ್ ಇಡುವುದೋ, ಬಚ್ಚಲಿಗೆ ಹಿಡಿಕೆ ಎಲ್ಲಿ ಹಾಕಿಸುವುದೋ. ಮಲಗುವ ಮುಂಚೆ, ಜನರೇಟರ್ ಪಾಳಿಗೆ ಮುಂಚೆ ಹೇಳಬೇಡಿ. ದೊಡ್ಡ ಸುದ್ದಿಯಾದರೆ ಕೇಂದ್ರದ ವೈದ್ಯರಿಗೆ ಮೊದಲೇ ತಿಳಿಸಿ.

"ನಾನು ಕೇಳಿದ್ದಕ್ಕೆ ತಡೆದು ತಡೆದು ಉತ್ತರ ಕೊಡ್ತಾರೆ" ಎಂಬ ಬೇಸರವೂ ಆಕೆಗಿತ್ತು. ಅಲ್ಲಿನ ಕರೆ ಬರುವುದು ಭೂಸ್ಥಿರ ಉಪಗ್ರಹದ ಮೂಲಕ, ಅದು ಸುಮಾರು 36,000 ಕಿ.ಮೀ. ಎತ್ತರದಲ್ಲಿರುತ್ತದೆ. ಮಾತು ಹೋಗಿ ಉತ್ತರ ಬರುವಷ್ಟರಲ್ಲಿ ಅರ್ಧ ಸೆಕೆಂಡಾದರೂ ತಡ, ಸಂಪರ್ಕ ನಿಧಾನವಿದ್ದರೆ ಇನ್ನೂ ಹೆಚ್ಚು. ಮೌನವೆಲ್ಲ ಮುನಿಸಲ್ಲ. ಮಾತು ಮುಗಿಸಿ ಎರಡು ಎಣಿಸಿ, ಆಮೇಲೆ ಮುಂದಿನದು. ವಾರಕ್ಕೆ ಎರಡು ಕರೆ, ಗೊತ್ತುಪಡಿಸಿದ ಹೊತ್ತಿಗೆ, ಇಪ್ಪತ್ತು ನಿಮಿಷ. ಮಿಕ್ಕ ದಿನ ವಾಯ್ಸ್ ಮೆಸೇಜ್ ಸಾಕು. ಮಳೆ, ಮಗನ ಹೋಂವರ್ಕ್, ಬಂಗುಡೆಯ ರೇಟು, ಎಂಥದಾದರೂ ಆಗುತ್ತದೆ.

ಗಂಡನೊಂದಿಗೆ ಒಮ್ಮೆ ಕರೆಯಲ್ಲಿ ಮಾತಾಡಿದೆವು. ಪಾಳಿ ಯಾವುದಿದ್ದರೂ ಏಳುವ ಗಂಟೆ ಒಂದೇ ಇರಲಿ. ಎದ್ದ ಕೂಡಲೇ 10,000 ಲಕ್ಸ್ (ಬೆಳಕಿನ ಅಳತೆ) ಪ್ರಖರತೆಯ ದೀಪದ ಮುಂದೆ ಅರ್ಧ ಗಂಟೆ, ಚಹಾ ಕುಡಿಯುತ್ತ. ದೀಪ ದಿಟ್ಟಿಸುವುದು ಬೇಡ. ಹಿಂದೆ ಉನ್ಮಾದದ ಕಾಯಿಲೆ ಆಗಿದ್ದವರು, ಕಣ್ಣಿನ ತೊಂದರೆಯಿರುವವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ಮಧ್ಯಾಹ್ನದ ನಂತರ ಕಾಫಿ ಬಿಡುವುದು. ದಿನಕ್ಕೆ ಒಂದು ಊಟವಾದರೂ ಎಲ್ಲರ ಜೊತೆ. ಚಮಚದ ಸಿಟ್ಟು ಬಂದರೆ ಅಂದೇ, ಆ ಒಬ್ಬರಿಗೇ, ಸಣ್ಣ ದನಿಯಲ್ಲಿ ಹೇಳುವುದು. ಗ್ರೂಪಿನಲ್ಲಿ ಬರೆದರೆ ಕೆಟ್ಟಿತು.

ಎರಡು ರಾತ್ರಿ ಸುತಾರಾಂ ನಿದ್ದೆಯಿಲ್ಲದಿದ್ದರೆ, ಸಾವಿನ ಮಾತು ಬಂದರೆ, ಜೊತೆಯವರು ತನ್ನ ವಿರುದ್ಧ ಪಿತೂರಿ ಮಾಡುತ್ತಾರೆಂಬ ಭಾವನೆ ಬಂದರೆ ಕಾಯದೆ ಅಲ್ಲಿನ ವೈದ್ಯರಿಗೆ ಹೇಳಬೇಕು. ಇಲ್ಲಿ ಆಕೆಗೆ ತಡೆಯದಾದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಸೆಪ್ಟೆಂಬರ್ ಹೊತ್ತಿಗೆ ನಡುರಾತ್ರಿಯ ಕರೆ ನಿಂತಿತ್ತು, ನಿದ್ದೆ ಪೂರ್ತಿ ಸರಿಹೋಗಿರಲಿಲ್ಲ. ಗಂಡ ಊರಿಗೆ ಬಂದ ವಾರವೇ ನೆಂಟರನ್ನೆಲ್ಲ ಕರೆದು ಸತ್ಯನಾರಾಯಣ ಪೂಜೆ ಇಡುವ ಯೋಚನೆ ಮನೆಯಲ್ಲಿತ್ತು. ಅದನ್ನು ಒಂದು ತಿಂಗಳು ಮುಂದೆ ಹಾಕಿಸಿದೆವು. ಅಲ್ಲಿ ಇಪ್ಪತ್ತೈದರ ಆಸುಪಾಸು ಮುಖಗಳನ್ನೇ ತಿಂಗಳುಗಟ್ಟಲೆ ನೋಡಿದವರಿಗೆ ಮೊದಮೊದಲು ಉಡುಪಿ ಪೇಟೆಯ ಕಲ್ಸಂಕದ ಟ್ರಾಫಿಕ್ಕೇ ಧಾರಾಳವಾಯಿತು.