‘ಹೇಗೋ’ ಎಂಬ ಪದವನ್ನು ತೆಗೆದುಹಾಕಿ

ಪ್ರಿಯ ಲೇಖಕಿಗೆ, ನಮಸ್ಕಾರಗಳು.

ಸಮುದ್ರದಲ್ಲಿ ಕಯಾಕ್ ಎಂಬ ಕಿರಿದಾದ ದೋಣಿಯನ್ನು ನಡೆಸಲು ಅನುಭವಿ ಶಿಕ್ಷಕರೊಬ್ಬರಿಂದ ಕಲಿತದ್ದನ್ನು ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಭಾಷೆ ತಿಳಿಯಾಗಿದೆ, ಗುರುಗಳ ಮೇಲಿನ ನಿಮ್ಮ ಗೌರವವೂ ನಿಜವಾದದ್ದು. ಆದರೆ ಎರಡು ಕಡೆ ನನಗೆ ಸಿಟ್ಟು ಬಂದಿತು, ಅವನ್ನಷ್ಟೇ ಇಲ್ಲಿ ಎತ್ತಿಕೊಳ್ಳುತ್ತೇನೆ.

ಮೂರನೆಯ ಪುಟದಲ್ಲಿ ಹೀಗಿದೆ: ‘ಕಯಾಕ್ ಮಗುಚಿತು. ಸಾವು ಕಣ್ಣೆದುರು ನಿಂತಿತು. ಹೇಗೋ ಹೊರಬಂದೆ.’ ಆ ‘ಹೇಗೋ’ ಎಂಬಲ್ಲಿಯೇ ನಿಮ್ಮ ಇಡೀ ಲೇಖನ ಅಡಗಿದೆ. ದೋಣಿಯೊಳಗೆ ನೀರು ನುಗ್ಗದಂತೆ ತಡೆಯುವ ಹೊದಿಕೆಯಾದ ಸ್ಪ್ರೇ ಸ್ಕರ್ಟನ್ನು ಸೊಂಟದ ಸುತ್ತ ಬಿಗಿದು ಕೂತವರು ತಲೆಕೆಳಗಾದೊಡನೆ ಮುಂದಕ್ಕೆ ಬಾಗಬೇಕು, ಕಾಕ್‌ಪಿಟ್ಟಿನ, ಅಂದರೆ ಕೂರುವ ಕಂಡಿಯ, ಅಂಚನ್ನು ತಡವುತ್ತ ಹೋಗಿ ಸ್ಕರ್ಟಿನ ತುದಿಯ ಕುಣಿಕೆಯನ್ನು ಹಿಡಿಯಬೇಕು, ಅದನ್ನು ಮೊದಲು ಮುಂದಕ್ಕೆ ತಳ್ಳಿ ಬಳಿಕ ಎಳೆದು ಬಿಡಿಸಬೇಕು, ಆಮೇಲೆ ಸೊಂಟದ ಎರಡೂ ಪಕ್ಕ ಕೈಯೂರಿ ಪ್ಯಾಂಟು ಕಳಚುವ ಹಾಗೆ ದೋಣಿಯನ್ನು ಕಾಲಿನಿಂದ ಕಳಚಬೇಕು. ಹೊರಬಂದ ಮೇಲೂ ದೋಣಿಯ ಮೇಲಿನ ಹಿಡಿತ ತಪ್ಪಬಾರದು, ಏಕೆಂದರೆ ಖಾಲಿ ದೋಣಿಯನ್ನು ಗಾಳಿ ನಾವು ಈಜುವುದಕ್ಕಿಂತ ವೇಗವಾಗಿ ಒಯ್ದುಬಿಡುತ್ತದೆ. ನಿಮ್ಮ ಕೈಗೆ ಮೊದಲು ಸಿಕ್ಕಿದ್ದೇನು? ಅದನ್ನು ಬರೆಯಿರಿ. ಸಾವಿನ ವಾಕ್ಯ ಬೇಕಾಗಿಲ್ಲ.

ನಾನೂ ಈ ವಿದ್ಯೆಯನ್ನು ಕಲಿತವನು. ನನ್ನ ಶಿಕ್ಷಕರು ಮೊದಲ ದಿನ ನೀರಿಗೆ ಇಳಿಸಲೇ ಇಲ್ಲ. ಮರಳಿನ ಮೇಲಿಟ್ಟ ದೋಣಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ಕುಣಿಕೆಯನ್ನು ಮತ್ತೆ ಮತ್ತೆ ಹುಡುಕಿಸಿದರು. ಒಮ್ಮೆ ನಾನು ಅವಸರದಲ್ಲಿ ಕುಣಿಕೆಯನ್ನು ಒಳಗೇ ಸೇರಿಸಿ ಸ್ಕರ್ಟನ್ನು ಬಿಗಿದುಬಿಟ್ಟಿದ್ದೆ. ಬೆರಳುಗಳು ಅಂಚಿನುದ್ದಕ್ಕೂ ತಡಕಾಡಿದವು, ನಯವಾದ ರಬ್ಬರಿನ ಹೊರತು ಏನೂ ಸಿಗಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಈಗ ನೀನು ನೀರಿನೊಳಗಿದ್ದೀಯ’ ಎಂದರು. ಇಂದಿಗೂ ಸ್ಕರ್ಟ್ ಬಿಗಿದ ಮೇಲೆ ಕುಣಿಕೆ ಹೊರಗಿದೆಯೇ ಎಂದು ಮುಟ್ಟಿ ನೋಡದೆ ನಾನು ಹುಟ್ಟು ಎತ್ತಿಕೊಳ್ಳುವುದಿಲ್ಲ.

ಇನ್ನು ಐದನೆಯ ಪುಟ: ‘ಕಡಲು ಕನ್ನಡಿಯಂತಿತ್ತು. ಆದರೂ ಗುರುಗಳು ಅಂದು ನಮ್ಮನ್ನು ಇಳಿಸಲಿಲ್ಲ. ಅವರ ಅಂತಃಪ್ರಜ್ಞೆ ಅಂಥದು.’ ಇದು ಅಂತಃಪ್ರಜ್ಞೆಯಲ್ಲ, ತಿಳಿವಳಿಕೆ. ಅದೇ ಪುಟದಲ್ಲಿ, ದಡದಲ್ಲಿ ನಿಂತಾಗ ನಿಮ್ಮ ಬೆನ್ನಿಗೆ ಗಾಳಿ ಬಡಿಯುತ್ತಿತ್ತೆಂದು ನೀವೇ ಬರೆದಿದ್ದೀರಿ. ನೆಲದಿಂದ ಕಡಲಿಗೆ ಬೀಸುವ ಗಾಳಿಗೆ ದಡದ ಹತ್ತಿರ ಅಲೆಯೆಬ್ಬಿಸಲು ನೀರಿನ ಹರವು ಸಾಲದು, ಹಾಗಾಗಿ ಅಲ್ಲಿ ನೀರು ಸಪಾಟಾಗಿ ಕಾಣುತ್ತದೆ; ದೂರ ಹೋದಷ್ಟೂ ಗಾಳಿಯೂ ಅಲೆಯೂ ಬಲಿಯುತ್ತವೆ. ಹೋಗುವಾಗ ಗಾಳಿಯೇ ತಳ್ಳುವುದರಿಂದ ದಣಿವು ತಿಳಿಯುವುದಿಲ್ಲ, ತಿರುಗಿದಾಗ ಅದೇ ಗಾಳಿ ಎದುರಾಗುತ್ತದೆ. ಶಾಂತ ನೀರಿನಲ್ಲಿ ಗಂಟೆಗೆ 5 ಕಿ.ಮೀ. ಸಾಗುವ ಹೊಸಬರು ಗಂಟೆಗೆ 30 ಕಿ.ಮೀ. ವೇಗದ ಎದುರುಗಾಳಿಯಲ್ಲಿ ಎಷ್ಟು ಹುಟ್ಟು ಹಾಕಿದರೂ ಇದ್ದಲ್ಲೇ ಇರಬಹುದು. ಆ ಕನ್ನಡಿಯೇ ಅಪಾಯದ ಸೂಚನೆಯಾಗಿತ್ತು. ನಿಮ್ಮನ್ನು ನಂಬಿ ಓದುವ ಯಾರಾದರೂ ಅಂಥ ಕಡಲನ್ನು ಕಂಡು ದೋಣಿ ಇಳಿಸಿಯಾರು ಎಂಬ ಭಯದಿಂದಲೇ ನಾನು ಇಷ್ಟು ಬರೆಯುತ್ತಿದ್ದೇನೆ.

ಗುರುಗಳನ್ನು ಮತ್ತೊಮ್ಮೆ ಕಂಡು, ಆ ಬೆಳಿಗ್ಗೆ ಅವರು ಯಾವ ಯಾವುದನ್ನು ನೋಡಿ ನಿರ್ಧರಿಸಿದರು ಎಂದು ಕೇಳಿ. ಈ ಎರಡು ಭಾಗಗಳನ್ನು ಹೊಸದಾಗಿ ಬರೆದು ಕಳುಹಿಸಿ, ಕಾಯುತ್ತಿರುತ್ತೇನೆ.

ನಿಮ್ಮ,
ಸಂಪಾದಕ