ತಟ್ಟೆಯ ಮೇಲಿನ ಕಣ್ಣು

ಪ್ರಶ್ನೆ: ನಾನು ಮಂಡ್ಯದವಳು, ವಯಸ್ಸು 44, ಸರ್ಕಾರಿ ಕಚೇರಿಯಲ್ಲಿ ಕೆಲಸ. ನಾಲ್ಕು ತಿಂಗಳ ಹಿಂದೆ ನಮ್ಮ ಯಜಮಾನರ ರಕ್ತಪರೀಕ್ಷೆಯಲ್ಲಿ ಸಕ್ಕರೆಯ ಮೂರು ತಿಂಗಳ ಸರಾಸರಿ 6.1 ಬಂತು. ಮಾತ್ರೆ ಸದ್ಯಕ್ಕೆ ಬೇಡ, ತೂಕ ಇಳಿಸಿ ಎಂದು ವೈದ್ಯರು ಹೇಳಿದರು. ನಾನೂ 74 ಕಿಲೋ ಇದ್ದುದರಿಂದ ಇಬ್ಬರೂ ಜೊತೆಯಾಗಿ ಇಳಿಸೋಣವೆಂದು ಹೊರಟೆವು. ಅವರು ದಿನಾ ಬೆಳಗ್ಗೆ ಆರಕ್ಕೆ ಸ್ಟೇಡಿಯಂಗೆ ನಡೆಯಲು ಹೋಗುತ್ತಾರೆ. ಆ ಹೊತ್ತಿಗೆ ನಾನು ಮನೆಯವರಿಗೆಲ್ಲ ಡಬ್ಬ ಕಟ್ಟುತ್ತಿರುತ್ತೇನೆ. ಅವರು 91ರಿಂದ 83ಕ್ಕೆ ಬಂದಿದ್ದಾರೆ, ನಾನು ಇಳಿದಿರುವುದು ಎರಡೂವರೆ ಕಿಲೋ. ಭಾನುವಾರ ಹಜಾರದಲ್ಲಿ ಎಲ್ಲರೆದುರು ತೂಕ ನೋಡಿ ಕ್ಯಾಲೆಂಡರಿನ ಮೇಲೆ ಬರೆಯುತ್ತಾರೆ. ಊಟಕ್ಕೆ ಕುಳಿತರೆ "ಅಷ್ಟೊಂದು ಅನ್ನ ಬೇಕಾ?" ಎನ್ನುತ್ತಾರೆ. ಒಳ್ಳೆಯದಕ್ಕೇ ಹೇಳುತ್ತಾರೆಂದು ಗೊತ್ತು, ಆದರೂ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಅತ್ತೆಯವರು "ಹೊಟ್ಟೆ ಕಟ್ಕೊಂಡು ಬದುಕೋ ಕರ್ಮ ಏನ್ ಬಂದದೆ" ಎಂದು ಬೇಡವೆಂದರೂ ತುಪ್ಪ ಬಡಿಸುತ್ತಾರೆ. ಎಷ್ಟೋ ರಾತ್ರಿ ಊಟ ಬಿಟ್ಟು ಮಲಗುತ್ತೇನೆ. ಹನ್ನೊಂದರ ಹೊತ್ತಿಗೆ ಎದ್ದು, ದೀಪ ಹಾಕದೆ, ರಾಗಿಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟ ಮೈಸೂರು ಪಾಕ್ ತಿನ್ನುತ್ತೇನೆ. ಆಮೇಲೆ ಅಳು ಬರುತ್ತದೆ. ಮೊನ್ನೆ ಒಂಬತ್ತನೇ ತರಗತಿಯ ಮಗಳು "ನನಗೂ ತುಪ್ಪ ಬೇಡ, ಅಮ್ಮನ ಥರ ಆಗ್ತೀನಿ" ಎಂದಳು. ಈ ಪ್ರಯತ್ನವನ್ನೇ ಬಿಟ್ಟುಬಿಡಲೇ?
- ಹೆಸರು ಬೇಡ, ಮಂಡ್ಯ

ಉತ್ತರ: ಸೋದರಿ, ನಿಮ್ಮ ಪತ್ರದ ಒಂದು ಸಾಲನ್ನು ನೀವು ದೊಡ್ಡದೆಂದು ಎಣಿಸದೆ ಬರೆದು ಮುಂದೆ ಹೋಗಿದ್ದೀರಿ; ನಾನು ಮಾತ್ರ ಅಲ್ಲಿಯೇ ನಿಂತೆ. ಬೆಳಗಿನ ಆರು ಗಂಟೆಗೆ ನಿಮ್ಮ ಯಜಮಾನರು ಸ್ಟೇಡಿಯಂನಲ್ಲಿ ಸುತ್ತು ಹಾಕುತ್ತಿರುವಾಗ ನೀವು ಒಲೆಯ ಮುಂದೆ ನಿಂತು ಮನೆಯವರಿಗೆಲ್ಲ ಡಬ್ಬ ಕಟ್ಟುತ್ತಿರುತ್ತೀರಿ. ಅವರು ಇಳಿಸಿಕೊಂಡ ಎಂಟು ಕಿಲೋದ ಹಿಂದೆ ಅವರ ಶ್ರದ್ಧೆ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರು ಹೊರಗೆ ಹೋಗಿ ಬರುವ ಆ ಒಂದು ಗಂಟೆಯನ್ನು ಬಿಡಿಸಿಕೊಟ್ಟವರು ನೀವು, ಬಂದ ಮೇಲೆ ಅವರ ಪಥ್ಯಕ್ಕೆ ತಕ್ಕ ತಿಂಡಿಯನ್ನು ಸಿದ್ಧವಾಗಿಟ್ಟವರೂ ನೀವು. ನಿಮಗೆ ಅಂಥದೊಂದು ಗಂಟೆಯನ್ನು ಈ ನಾಲ್ಕು ತಿಂಗಳಲ್ಲಿ ಯಾರೂ ಬಿಡಿಸಿಕೊಟ್ಟ ಹಾಗೆ ಕಾಣುವುದಿಲ್ಲ. ಇಬ್ಬರೂ ಜೊತೆಯಾಗಿ ಹೊರಟಿರಿ ಎಂದು ಬರೆದಿದ್ದೀರಿ. ನಿಜವಾಗಿ ನಡೆದದ್ದು ಏನೆಂದರೆ, ನಿಮ್ಮ ನೆರವಿನಿಂದ ಅವರು ಹೊರಟರು, ನೀವು ಮಾತ್ರ ಯಾರ ನೆರವೂ ಇಲ್ಲದೆ ಹೊರಟಿರಿ. ನಿಮ್ಮ ಪಾಲಿಗೆ ಬಂದದ್ದು ತಟ್ಟೆಯ ಮೇಲಿನ ಕಣ್ಣು ಮಾತ್ರ.

ಆದ್ದರಿಂದ ಪ್ರಯತ್ನವನ್ನು ಬಿಡಬೇಡಿ, ಅದು ಈಗ ನಡೆಯುತ್ತಿರುವ ರೀತಿಯನ್ನು ಬಿಡಿ.

ಮೊದಲು ಆ ಎರಡೂವರೆ ಕಿಲೋದ ಮಾತು, ಏಕೆಂದರೆ ನೀವು ಅದನ್ನು ತಪ್ಪೊಪ್ಪಿಗೆಯಂತೆ ಬರೆದಿದ್ದೀರಿ. ಗಂಡಸರ ದೇಹದಲ್ಲಿ ಸ್ನಾಯುವಿನ ಪಾಲು ಹೆಚ್ಚು. ಸುಮ್ಮನೆ ಕುಳಿತಿದ್ದರೂ ಅವರ ದೇಹ ಹೆಚ್ಚು ಶಕ್ತಿಯನ್ನು ವ್ಯಯಿಸುತ್ತದೆ, ತೂಕ ಹೆಚ್ಚಿದ್ದಷ್ಟೂ ಆರಂಭದ ಇಳಿಕೆಯೂ ಹೆಚ್ಚು. 91 ಕಿಲೋದ ಗಂಡಸನ್ನೂ 74 ಕಿಲೋದ ಹೆಂಗಸನ್ನೂ ಒಂದೇ ಕ್ಯಾಲೆಂಡರಿನಲ್ಲಿ ಪಕ್ಕಪಕ್ಕದಲ್ಲಿ ಬರೆದು ಹೋಲಿಸುವುದು ನ್ಯಾಯವಲ್ಲ. ನಿಮ್ಮ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಕಾಲಕ್ಕೆ ಮುಂಚಿನ ಏರುಪೇರುಗಳೂ ಇರಬಹುದು, ಥೈರಾಯ್ಡ್ ಗ್ರಂಥಿಯ ಕೆಲಸ ನಿಧಾನವಾಗಿರಲೂಬಹುದು. ಅವರ ರಕ್ತಪರೀಕ್ಷೆಯ ಅಂಕಿಯನ್ನು ದಶಮಾಂಶ ಸಹಿತ ಬರೆದ ನೀವು ನಿಮ್ಮ ಪರೀಕ್ಷೆಯ ಬಗ್ಗೆ ಒಂದಕ್ಷರವನ್ನೂ ಬರೆದಿಲ್ಲ. ಮಾಡಿಸಿಕೊಂಡೇ ಇಲ್ಲವೆಂದು ನನ್ನ ಊಹೆ. ಈ ವಾರವೇ ಥೈರಾಯ್ಡ್, ಸಕ್ಕರೆ, ರಕ್ತಹೀನತೆ ಮೂರನ್ನೂ ಪರೀಕ್ಷಿಸಿಕೊಳ್ಳಿ.

ಇನ್ನೊಂದು ವಿಷಯ. ದೇಹತೂಕದಲ್ಲಿ ಶೇ 5ರಷ್ಟು ಇಳಿದರೂ ಸಕ್ಕರೆ, ರಕ್ತದೊತ್ತಡಗಳಲ್ಲಿ ಒಳ್ಳೆಯ ಬದಲಾವಣೆ ಕಾಣತೊಡಗುತ್ತದೆ ಎಂಬುದು ವೈದ್ಯರ ಅನುಭವ. 74ರ ಶೇ 5 ಎಂದರೆ 3.7 ಕಿಲೋ; ಆ ಹಾದಿಯಲ್ಲಿ ನೀವು ಮೂರರಲ್ಲಿ ಎರಡು ಪಾಲು ಈಗಾಗಲೇ ನಡೆದಿದ್ದೀರಿ. ನಮ್ಮ ದೇಶದಲ್ಲೇ ನಡೆದ, 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ ಸಕ್ಕರೆ ಅಂಚಿಗೆ ಬಂದಿದ್ದ 531 ಮಂದಿ ಪಾಲ್ಗೊಂಡಿದ್ದರು. ಮೂರು ವರ್ಷಗಳಲ್ಲಿ, ಸಾಮಾನ್ಯ ಸಲಹೆಯಷ್ಟೇ ಪಡೆದವರಲ್ಲಿ ಶೇ 55ರಷ್ಟು ಮಂದಿ ಮಧುಮೇಹಿಗಳಾದರೆ, ಊಟ ಮತ್ತು ನಡಿಗೆಯನ್ನು ತಿದ್ದಿಕೊಂಡವರಲ್ಲಿ ಆ ಪ್ರಮಾಣ ಶೇ 39ರಷ್ಟಿತ್ತು. ಹಾಗೆ ತಿದ್ದಿಕೊಂಡವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆಯೇನೂ ಆಗಿರಲಿಲ್ಲ ಎಂಬುದನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ. ತಕ್ಕಡಿ ತೋರಿಸದ ಲಾಭ ಒಳಗೆ ಆಗುತ್ತಿರುತ್ತದೆ. ತೂಕವನ್ನು ನೋಡಲೇಬೇಕೆಂದಿದ್ದರೆ ಕೋಣೆಯೊಳಗೆ ಒಬ್ಬರೇ ನೋಡಿ, ಬೇಕಾದರೆ ನಿಮ್ಮದೇ ಪುಸ್ತಕದಲ್ಲಿ ಬರೆದುಕೊಳ್ಳಿ. ತಿಂಗಳಿಗೊಮ್ಮೆ ಟೇಪಿನಲ್ಲಿ ಸೊಂಟದ ಸುತ್ತಳತೆಯನ್ನೂ ತೆಗೆದುಕೊಳ್ಳಿ: ಭಾರತೀಯರಲ್ಲಿ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಸೆಂಟಿಮೀಟರ್ ಮೀರಬಾರದೆಂದು ಹೇಳುತ್ತಾರೆ. ಕ್ಯಾಲೆಂಡರನ್ನು ಹಾಲಿನ ಲೆಕ್ಕಕ್ಕೆ ಬಿಟ್ಟುಕೊಡಿ.

ಈಗ ನಿಮ್ಮ ಯಜಮಾನರ ವಿಷಯ. ಅವರು ಕೆಟ್ಟವರೆಂದು ನನಗೆ ಒಂದಿಷ್ಟೂ ಅನ್ನಿಸುತ್ತಿಲ್ಲ. ವರದಿಯನ್ನು ಕೈಯಲ್ಲಿ ಹಿಡಿದು ಹೆದರಿದ ಮನುಷ್ಯ, ತನಗೆ ಫಲ ಸಿಕ್ಕ ದಾರಿಯಲ್ಲೇ ಹೆಂಡತಿಯನ್ನೂ ಎಳೆದುಕೊಂಡು ಹೋಗಬೇಕೆಂದು ಆತುರಪಡುತ್ತಿದ್ದಾರೆ. ನಾನು ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗ್ಗೆ ನಡೆಯುವಾಗ ಇಂಥ ಜೋಡಿಗಳನ್ನು ದಿನವೂ ನೋಡುತ್ತೇನೆ. ಗಂಡ ಹತ್ತು ಮಾರು ಮುಂದೆ, ಕೈ ಬೀಸಿಕೊಂಡು. ಹೆಂಡತಿ ಹಿಂದೆ, ಸೆರಗು ಸರಿಮಾಡಿಕೊಳ್ಳುತ್ತಾ. ಆಗಾಗ ಅವನು ತಿರುಗಿ "ಬೇಗ ಬಾ" ಎನ್ನುತ್ತಾನೆ, ಆಕೆ ಹತ್ತಿರ ಬರುವಷ್ಟರಲ್ಲಿ ಮತ್ತೆ ಹೊರಡುತ್ತಾನೆ. ಆಕೆಗೆ ಕೆರೆಯೂ ಕಾಣುವುದಿಲ್ಲ, ಹಕ್ಕಿಯೂ ಕಾಣುವುದಿಲ್ಲ, ಅವನ ಬೆನ್ನು ಮಾತ್ರ ಕಾಣುತ್ತದೆ. ಆತ ಹಿಂದಕ್ಕೆ ಬಂದು ಆಕೆಯ ಹೆಜ್ಜೆಗೆ ಹೆಜ್ಜೆ ಹಾಕಿದ್ದನ್ನು ನಾನು ಕಂಡದ್ದು ಅಪರೂಪ. ಕಂಡ ದಿನ ನನಗೇ ಸಮಾಧಾನವಾಗಿದೆ.

ಅವರೊಡನೆ ಮಾತನಾಡಿ, ಆದರೆ ಊಟದ ಹೊತ್ತಿನಲ್ಲಿ ಬೇಡ, ಅತ್ತೆಯವರ ಮುಂದೆ ಬೇಡ. ಸಂಜೆ ಇಬ್ಬರೇ ಇರುವಾಗ ಸಮಾಧಾನವಾಗಿ ಹೀಗೆ ಹೇಳಬಹುದು: "ರೀ, ನಿಮ್ಮ ತೂಕ ಇಳಿದಿದ್ದು ನನಗೆ ಸಂತೋಷ. ಆದ್ರೆ ನೀವು ನನ್ನ ತಟ್ಟೆ ನೋಡಿ ಮಾತಾಡಿದ ದಿನ ನಾನು ರಾತ್ರಿ ಕದ್ದು ತಿಂತೀನಿ. ಮಾತು ಬೇಡ, ಕೆಲಸದಲ್ಲಿ ಕೈ ಜೋಡಿಸಿ." ಕದ್ದು ತಿನ್ನುವ ಮಾತನ್ನು ಹೇಳಲು ನಿಮಗೆ ಸಂಕೋಚವಾಗುತ್ತದೆಂದು ಬಲ್ಲೆ. ಆದರೂ ಅದನ್ನೇ ಹೇಳಬೇಕು, ಏಕೆಂದರೆ ತಮ್ಮ ಎಚ್ಚರಿಕೆಯ ಮಾತೇ ನಿಮ್ಮನ್ನು ಆ ಕತ್ತಲೆಯ ಅಡುಗೆಮನೆಗೆ ಕಳಿಸುತ್ತಿದೆಯೆಂದು ಅವರಿಗೆ ಬೇರೆ ಯಾವ ರೀತಿಯಲ್ಲೂ ತಿಳಿಯುವುದಿಲ್ಲ.

ಕೈ ಜೋಡಿಸುವುದೆಂದರೆ ಏನೆಂದು ಅವರು ಕೇಳಬಹುದು, ಆಗ ಗೊಣಗದೆ ಸ್ಪಷ್ಟವಾಗಿ ಉತ್ತರಿಸಿ. ವಾರದಲ್ಲಿ ಮೂರು ದಿನ ಬೆಳಗಿನ ನಡಿಗೆ ನಿಮ್ಮದು. ಆ ದಿನಗಳಲ್ಲಿ ಡಬ್ಬ ಕಟ್ಟುವುದು, ಮಗಳನ್ನು ಹೊರಡಿಸುವುದು ಅವರದು, ಅವರ ನಡಿಗೆ ಸಂಜೆಗೆ. ಉಳಿದ ದಿನ ಸಂಜೆ ಇಬ್ಬರೂ ಒಟ್ಟಿಗೆ ಹೋಗಿ, ವೇಗ ನಿಮ್ಮದೇ ಇರಲಿ. ರಾತ್ರಿ ಟಿವಿಯ ಮುಂದೆ ಕುಳಿತೇ ಮರುದಿನದ ಸೊಪ್ಪು ಬಿಡಿಸುವುದು, ಹುರುಳಿಕಾಯಿ ನಾರು ತೆಗೆಯುವುದು ಅವರಿಂದ ಆಗದ ಕೆಲಸವಲ್ಲ. ತರಕಾರಿ ಹೆಚ್ಚು ತಿನ್ನಿ ಎಂದು ಎಲ್ಲ ವೈದ್ಯರೂ ಹೇಳುತ್ತಾರೆ, ಅದನ್ನು ಬಿಡಿಸಿ ತೊಳೆದು ಹೆಚ್ಚುವ ಹೊತ್ತಿನ ಮಾತನ್ನು ಯಾರೂ ಹೇಳುವುದಿಲ್ಲ. ಎಷ್ಟೋ ಮನೆಗಳಲ್ಲಿ ಪಥ್ಯ ಮುರಿದು ಬೀಳುವುದು ಅಲ್ಲಿಯೇ.

ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಡುಗೆ ಮಾಡುತ್ತಿದ್ದರೆ ಅದನ್ನು ಇಂದೇ ನಿಲ್ಲಿಸಿ. ಮಂಡ್ಯದ ಮನೆಯಲ್ಲಿ ತೂಕ ಇಳಿಸಲು ಓಟ್ಸ್ ತರಬೇಕಾಗಿಲ್ಲ. ಬಸ್ಸಾರನ್ನೇ ನೋಡಿ: ಕಾಳು, ಸೊಪ್ಪು ಒಟ್ಟಿಗೆ ಬೆಂದು, ಬಸಿದ ನೀರು ಸಾರಾಗುತ್ತದೆ, ಉಳಿದದ್ದು ಪಲ್ಯವಾಗುತ್ತದೆ, ಒಗ್ಗರಣೆಗೆ ಒಂದೆರಡು ಚಮಚ ಎಣ್ಣೆ ಸಾಕು. ಉಪ್ಸಾರು, ಮಸ್ಸೊಪ್ಪು ಕೂಡ ಅಂಥವೇ. ನಾವು ತಪ್ಪಿರುವುದು ಪಾಲಿನಲ್ಲಿ. ಸೌಟು ತುಂಬ ಸಾರು, ಬೆಟ್ಟದಷ್ಟು ಅನ್ನ, ತಟ್ಟೆಯ ಅಂಚಿನಲ್ಲಿ ಶಾಸ್ತ್ರಕ್ಕೆಂಬಂತೆ ಒಂದು ಚಮಚ ಪಲ್ಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯ ಪ್ರಕಾರ, 2,000 ಕ್ಯಾಲೊರಿಯ ದಿನದ ಆಹಾರದಲ್ಲಿ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ ಇದ್ದರೆ ತರಕಾರಿ, ಸೊಪ್ಪು 400 ಗ್ರಾಂ ಇರಬೇಕು. ಧಾನ್ಯಕ್ಕಿಂತ ತರಕಾರಿಯ ತೂಕವೇ ಹೆಚ್ಚು. ಹಾಗಾದರೆ ನಾಲ್ವರ ಮನೆಗೆ ದಿನಕ್ಕೆ ಒಂದೂವರೆ ಕಿಲೋಗೂ ಹೆಚ್ಚು ಸೊಪ್ಪು ತರಕಾರಿ ಬೇಕು. ಸೊಪ್ಪು ಬಿಡಿಸುವ ಕೈ ಎರಡಾದರೂ ಹೆಚ್ಚಾಗಬೇಕೆಂದು ನಾನು ಹೇಳಿದ್ದು ಇದಕ್ಕೇ. ಪಲ್ಯವನ್ನು ಮೊದಲು ಬಡಿಸಿ, ಮುದ್ದೆ ಅಥವಾ ಅನ್ನ ಆಮೇಲೆ ಬರಲಿ.

ಮುದ್ದೆಯ ಬಗ್ಗೆಯೂ ಒಂದು ಮಾತು, ಏಕೆಂದರೆ ಸಕ್ಕರೆ ಕಾಯಿಲೆಯವರು ಅದನ್ನು ಎಷ್ಟು ತಿಂದರೂ ತೊಂದರೆಯಿಲ್ಲವೆಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ ಇದೆ, ಅಷ್ಟೇ ಅಕ್ಕಿಯಲ್ಲಿ ಸುಮಾರು 350. ಶಕ್ತಿಯ ಲೆಕ್ಕದಲ್ಲಿ ಅಂಥ ವ್ಯತ್ಯಾಸವಿಲ್ಲ. ರಾಗಿಯ ಹೆಚ್ಚುಗಾರಿಕೆ ಇರುವುದು ನಾರಿನಲ್ಲಿ ಮತ್ತು ಸುಣ್ಣದ ಅಂಶದಲ್ಲಿ. ಪಾಲಿಷ್ ಅಕ್ಕಿಗಿಂತ ಮೂರು ಪಟ್ಟಿಗೂ ಮಿಕ್ಕಿ ನಾರು ಇರುವುದರಿಂದ ಹಸಿವು ಬೇಗ ಮರಳುವುದಿಲ್ಲ. ಮುದ್ದೆ ಇರಲಿ, ಗಾತ್ರ ಚಿಕ್ಕದಾಗಲಿ. ಬೆಲ್ಲದ ಕಾಫಿಯೂ ಹಾಗೆಯೇ. ಆಲೆಮನೆಗಳ ಜಿಲ್ಲೆಯವರಾದ ನಮಗೆ ಬೆಲ್ಲ ಔಷಧಿಯಂತೆ ಕಾಣುತ್ತದೆ, ಆದರೆ ಶಕ್ತಿಯ ಲೆಕ್ಕದಲ್ಲಾಗಲಿ ರಕ್ತದ ಸಕ್ಕರೆಯ ಲೆಕ್ಕದಲ್ಲಾಗಲಿ ಅದು ಸಕ್ಕರೆಯ ಒಡಹುಟ್ಟು.

ರಾತ್ರಿಯ ಮೈಸೂರು ಪಾಕ್ ನಿಮ್ಮ ಚಪಲವೆಂದು ನೀವು ಬರೆದಿಲ್ಲ, ಆದರೆ ಹಾಗೆಯೇ ಅಂದುಕೊಂಡಿದ್ದೀರಿ ಎಂದು ಆ ಅಳುವಿನಿಂದ ತಿಳಿಯುತ್ತದೆ. ದಿನವಿಡೀ ದುಡಿದು ರಾತ್ರಿ ಊಟ ಬಿಟ್ಟ ದೇಹ ಹನ್ನೊಂದು ಗಂಟೆಗೆ ಎಬ್ಬಿಸಿ ಸಿಹಿಯನ್ನೂ ಕೊಬ್ಬನ್ನೂ ಕೇಳುವುದು ಸಹಜ, ಅದು ಹಸಿವು. ತೂಕ ಇಳಿಸುವವರೂ ದಿನಕ್ಕೆ 1,000 ಕ್ಯಾಲೊರಿಗಿಂತ ಕಡಿಮೆ ತಿನ್ನಬಾರದು, ವಾರಕ್ಕೆ ಅರ್ಧ ಕಿಲೋ ಇಳಿಕೆ ಸುರಕ್ಷಿತ ಎಂದು ಮೇಲೆ ಹೇಳಿದ ಮಾರ್ಗಸೂಚಿಯೇ ಹೇಳುತ್ತದೆ. ಎಂಟು ಗಂಟೆಯೊಳಗೆ ಚಿಕ್ಕ ಮುದ್ದೆ, ಪಲ್ಯ, ಒಂದು ಬಟ್ಟಲು ಮಜ್ಜಿಗೆಯ ಊಟವನ್ನು ಯಾರು ಏನೆಂದರೂ ಬಿಡದೆ ಮಾಡಿ. ಎರಡು ಮೂರು ವಾರ ಹೀಗೆ ಉಂಡ ಮೇಲೂ ರಾತ್ರಿ ತಡೆಯಲಾಗದಷ್ಟು ತಿನ್ನುವುದು, ತಿಂದದ್ದನ್ನು ವಾಂತಿ ಮಾಡಬೇಕೆನ್ನಿಸುವುದು, ಬದುಕೇ ಬೇಸರವೆನ್ನಿಸುವುದು ಕಂಡುಬಂದರೆ ಸಂಕೋಚವಿಲ್ಲದೆ ಮನೋವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. (ಈ ಅಂಕಣವನ್ನು ಓದುವ ಇತರರಿಗೂ ಹೇಳಬೇಕು: ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಊಟ ಕಡಿತಗೊಳಿಸಬಾರದು, ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.)

ಅತ್ತೆಯವರ ತುಪ್ಪ ಅಷ್ಟು ದೊಡ್ಡ ಸಮಸ್ಯೆಯಲ್ಲ. ಸೊಸೆ ಉಣ್ಣದೆ ಎದ್ದರೆ ತಮ್ಮ ಮನೆಯ ಅನ್ನಕ್ಕೇ ಕುಂದೆಂದು ಭಾವಿಸುವ ತಲೆಮಾರು ಅದು; ಬರಗಾಲ ಕಂಡವರಿಗೆ ಹೊಟ್ಟೆ ಕಟ್ಟುವುದೆಂದರೆ ಏನೆಂದು ನಮಗಿಂತ ಚೆನ್ನಾಗಿ ಗೊತ್ತು. ಕೈ ಅಡ್ಡ ಹಿಡಿಯಬೇಡಿ. "ಅತ್ತೆ, ಒಂದು ಮಿಳ್ಳೆ ಸಾಕು, ನೀವೇ ಹಾಕಿ" ಎನ್ನಿ, ಒಂದು ಮಿಳ್ಳೆಯಿಂದ ಏನೂ ಕೆಡುವುದಿಲ್ಲ. ಮಗನ ಸಕ್ಕರೆಯ ಅಂಕಿಯನ್ನು ಅವರಿಗೆ ಬಿಡಿಸಿ ಹೇಳುವ ಕೆಲಸ ಮಾತ್ರ ಮಗನದು, ನಿಮ್ಮದಲ್ಲ.

ನನಗೆ ಎಲ್ಲಕ್ಕಿಂತ ಕಳವಳವಾದದ್ದು ಮಗಳ ಮಾತಿನಿಂದ. ಹದಿನಾಲ್ಕು ಹದಿನೈದರ ಹುಡುಗಿಯ ಮೂಳೆ ಬಲಿಯುವ, ಮೈ ತುಂಬಿಕೊಳ್ಳುವ ಕಾಲ ಅದು. ಆಗ ತುಪ್ಪ ಬಿಟ್ಟವಳು ನಾಳೆ ಹಾಲು, ನಾಡಿದ್ದು ಊಟ ಬಿಡಬಹುದು. ಇನ್ನೂ ನೋವಿನ ಸಂಗತಿಯೆಂದರೆ ಅಮ್ಮನ ದೇಹ ಹಾಗಾಗಬಾರದ ಒಂದು ವಸ್ತುವೆಂದು ಆ ಮಗು ಭಾನುವಾರದ ಹಜಾರದಲ್ಲಿ ಕಲಿತಿದೆ. ಇದನ್ನು ಅಳಿಸಬೇಕಾದವರು ತಂದೆ. ಮಗಳ ಎದುರಿನಲ್ಲೇ ಅವರು "ನಿಮ್ಮಮ್ಮನ ತಟ್ಟೆ ನೋಡಿ ನಾನು ಮಾತಾಡಿದ್ದು ತಪ್ಪು" ಎಂದು ಒಂದು ಸಲ ಹೇಳಲಿ, ತೂಕ, ದಪ್ಪ, ತೆಳ್ಳಗೆ ಎಂಬ ಮಾತುಗಳು ಊಟದ ಜಾಗದಿಂದ ಹೊರಗಿರಲಿ. ಈ ಒಂದು ಪ್ಯಾರಾವನ್ನು ಕತ್ತರಿಸಿ ಅವರ ಕೈಗೆ ಕೊಟ್ಟರೂ ನನಗೆ ಅಭ್ಯಂತರವಿಲ್ಲ.

ಉಳಿದದ್ದು ಆ ಮೈಸೂರು ಪಾಕಿನ ಡಬ್ಬ. ಅದನ್ನು ರಾಗಿಹಿಟ್ಟಿನ ಹಿಂದಿನಿಂದ ತೆಗೆಯಿರಿ. ಬರುವ ಭಾನುವಾರ ಮಧ್ಯಾಹ್ನ ಬಸ್ಸಾರಿನ ಊಟವಾದ ಮೇಲೆ ದೀಪವೂ ಬೆಳಕೂ ಇರುವಲ್ಲಿ ಎಲ್ಲರ ನಡುವೆ ಇಟ್ಟು ನಾಲ್ವರೂ ಒಂದೊಂದು ತುಂಡು ತೆಗೆದುಕೊಳ್ಳಿ, ನಿಮ್ಮ ತುಂಡನ್ನು ನಿಧಾನವಾಗಿ, ಅದರ ಘಮ ಸವಿಯುತ್ತಾ ತಿನ್ನಿ. ಮೂರು ತಿಂಗಳ ಬಳಿಕ ಅವರ ಸರಾಸರಿ ಸಕ್ಕರೆಯ ಪರೀಕ್ಷೆ ಮತ್ತೆ ಆಗುತ್ತದೆ. ಆಗ ಅವರ ಅಂಕಿಯ ಜೊತೆಗೆ ನಿಮ್ಮ ಥೈರಾಯ್ಡ್ ವರದಿ ಏನು ಹೇಳಿತೆಂದೂ, ಬೆಳಗಿನ ಡಬ್ಬಗಳನ್ನು ವಾರದಲ್ಲಿ ಎಷ್ಟು ದಿನ ಯಾರು ಕಟ್ಟುತ್ತಿದ್ದಾರೆಂದೂ ನನಗೆ ಬರೆಯಿರಿ.